ನನ್ನ ಯಜಮಾನನೇ ಎನ್ನಬೇಡ

ಕಳೆದ ಮೇ ತಿಂಗಳಲ್ಲಿ ನಮ್ಮ ಬಳಗದ ಹುಡುಗಿಯೊಬ್ಬಳ ಮದುವೆಯಾಯಿತು. ಆಮಂತ್ರಣ ಪತ್ರಿಕೆಯ ನೆತ್ತಿಯಲ್ಲಿ, ಒಂದರೊಳಗೊಂದು ಸಿಕ್ಕಿಕೊಂಡ ಎರಡು ಉಂಗುರಗಳ ಕೆಳಗೆ, ಬೈಬಲ್ಲಿನ ಪ್ರವಾದಿ ಹೋಶೇಯನ ಪುಸ್ತಕದ ಎರಡನೆಯ ಅಧ್ಯಾಯದ ಮಾತನ್ನು ಹೊಂಬಣ್ಣದಲ್ಲಿ ಅಚ್ಚು ಹಾಕಿಸಿದ್ದರು: ನಿನ್ನನ್ನು ಶಾಶ್ವತವಾಗಿ ವರಿಸುವೆನು, ನೀತಿ ನ್ಯಾಯಗಳಿಂದ ವರಿಸುವೆನು, ಪ್ರೀತಿ ಕರುಣೆಗಳಿಂದ ವರಿಸುವೆನು. ಮದುವೆಯ ದಿನ ವಧುವಿನ ಅಲಂಕಾರ ಮುಗಿಯದೆ ಆರಾಧನೆ ಮುಕ್ಕಾಲು ಗಂಟೆ ತಡವಾಯಿತು. ದೇವಾಲಯದ ಫ್ಯಾನುಗಳು ತಿರುಗುತ್ತಿದ್ದವು, ಗಾಳಿ ಮಾತ್ರ ಬರುತ್ತಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ ಬೆಂಚಿನ ಮುಂದಿದ್ದ ಸತ್ಯವೇದವನ್ನು ತೆಗೆದು ಆ ವಚನವನ್ನು ಹುಡುಕಿದೆ. ಹತ್ತೊಂಬತ್ತನೆಯದು. ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋದೆ. ಹಾಗೆ ಹಿಂದಕ್ಕೆ ಓದುವುದು ಒಳ್ಳೆಯ ಅಭ್ಯಾಸವಲ್ಲ, ಮದುವೆಯ ದಿನವಂತೂ ಅಲ್ಲವೇ ಅಲ್ಲ. ಆ ಅಧ್ಯಾಯದಲ್ಲಿ ಗಂಡ ಎಂದರೆ ದೇವರು, ಹೆಂಡತಿ ಎಂದರೆ ಇಸ್ರೇಲ್ ನಾಡು. ಮೂರನೆಯ ವಚನಕ್ಕೆ ಬರುವಷ್ಟರಲ್ಲಿ ಅದೇ ಗಂಡ ಅದೇ ಹೆಂಡತಿಯ ಬಟ್ಟೆ ಕಿತ್ತು ಬೆತ್ತಲೆ ಮಾಡುತ್ತೇನೆ, ಬಾಯಾರಿಕೆಯಿಂದ ಸಾಯಿಸುತ್ತೇನೆ ಎನ್ನುತ್ತಿದ್ದ. ನಾಲ್ಕನೆಯದರಲ್ಲಿ, ಅವಳ ಮಕ್ಕಳಿಗೂ ಕನಿಕರ ತೋರಿಸುವುದಿಲ್ಲ ಎನ್ನುತ್ತಿದ್ದ.

ಪಕ್ಕದಲ್ಲಿ ಕುಳಿತಿದ್ದ ಚಿಕ್ಕಮ್ಮ ನನ್ನ ಬೆರಳು ಎಲ್ಲಿದೆ ಎಂದು ಕನ್ನಡಕದ ಮೇಲಿನಿಂದ ನೋಡಿದಳು. "ಅದನ್ನು ಪತ್ರಿಕೆಯಲ್ಲಿ ಹಾಕಿಸುವುದಿಲ್ಲ" ಎಂದು ಮೆಲ್ಲಗೆ ಹೇಳಿ ಸೆರಗು ಸರಿಪಡಿಸಿಕೊಂಡಳು. ಅಷ್ಟರಲ್ಲಿ ಎಲ್ಲರೂ ಎದ್ದು ನಿಂತರು, ವಧು ಬಂದಳು. ಪುಸ್ತಕ ಮುಚ್ಚಿದೆ. ಆ ಅಧ್ಯಾಯ ಮಾತ್ರ ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಯಜಮಾನ ಎಂಬ ಮಾತು

ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ಯಾರಾದರೂ ಫೋನಿನಲ್ಲಿ ಕೇಳಿದಾಗ ನಾನು ಯೋಚನೆಯಿಲ್ಲದೆ "ನಮ್ಮ ಯಜಮಾನರು ಹೊರಗೆ ಹೋಗಿದ್ದಾರೆ" ಎನ್ನುತ್ತೇನೆ. ಇಪ್ಪತ್ತಾರು ವರ್ಷಗಳ ದಾಂಪತ್ಯದಲ್ಲಿ ಅವರು ನನ್ನ ಯಜಮಾನಿಕೆಯನ್ನು ಗಂಭೀರವಾಗಿ ವಹಿಸಿಕೊಂಡ ಒಂದು ದಿನವೂ ನೆನಪಿಗೆ ಬಾರದು. ಆದರೂ ಮಾತು ಮಾತೇ. ಹೀಬ್ರೂ ಭಾಷೆಯಲ್ಲೂ ಇದೇ ಮಾತು ಇದೆ. ಬಾಳ್ ಎಂದರೆ ಒಡೆಯ, ಹೊಲದ ಮಾಲೀಕ, ಎತ್ತಿನ ಮಾಲೀಕ. ಹೆಂಡತಿಯ ಮಾಲೀಕನಾದ್ದರಿಂದ ಗಂಡ. ಜೊತೆಗೆ, ಇಸ್ರೇಲ್ಯರು ನೆಲೆಸಿದ ಕಾನಾನ್ ಸೀಮೆಯಲ್ಲಿ ಮಳೆ ಸುರಿಸುವ, ಗುಡುಗುವ, ಮೋಡಗಳ ಮೇಲೆ ಸವಾರಿ ಮಾಡುವ ದೇವರ ಹೆಸರೂ ಅದೇ. 1928ರಲ್ಲಿ ಸಿರಿಯಾದ ಕರಾವಳಿಯ ರಾಸ್ ಶಮ್ರಾದಲ್ಲಿ ರೈತನೊಬ್ಬನ ನೇಗಿಲಿಗೆ ಹಳೆಯ ಸಮಾಧಿಯೊಂದು ತಗುಲಿತು. ಮರುವರ್ಷ ಅಗೆತ ಶುರುವಾಗಿ ಉಗಾರಿತ್ ಎಂಬ ಪಟ್ಟಣವೂ ಬಾಳನ ಕಥೆ ಹೇಳುವ ಮಣ್ಣಿನ ಫಲಕಗಳೂ ಬೆಳಕಿಗೆ ಬಂದವು. ಅಲ್ಲಿಯವರೆಗೆ ಬಹುಪಾಲು ಬೈಬಲ್ಲಿನ ಬೈಗುಳಗಳಿಂದಲೇ ಜಗತ್ತಿಗೆ ಗೊತ್ತಿದ್ದ ಈ ದೇವರು ತನ್ನವರ ಬಾಯಲ್ಲಿ ಹೇಗಿದ್ದ ಎಂಬುದು ಆಗ ತಿಳಿಯಿತು. ಮಳೆಯನ್ನೇ ನೆಚ್ಚಿಕೊಂಡ ನೆಲದ ದೇವರು. ಐಗುಪ್ತಕ್ಕೆ ನೈಲ್ ಇತ್ತು, ಬಾಬೆಲಿಗೆ ಯೂಫ್ರೆಟಿಸ್ ಇತ್ತು, ಇಸ್ರೇಲಿನ ಗುಡ್ಡಗಳಿಗೆ ಆಕಾಶ ಬಿಟ್ಟರೆ ಗತಿಯಿರಲಿಲ್ಲ. ಬಯಲುಸೀಮೆಯಲ್ಲಿ ಬೆಳೆದ ನನಗೆ ಜೂನ್ ಹದಿನೈದು ಕಳೆದರೂ ಮೋಡ ಕಾಣದಿದ್ದರೆ ಮನುಷ್ಯ ಯಾವ ದೇವರಿಗೆ ಬೇಕಾದರೂ ಹರಕೆ ಹೊರುತ್ತಾನೆ ಎಂಬುದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಹೋಶೇಯನು ಇಸ್ರೇಲಿನ ಉತ್ತರ ರಾಜ್ಯದವನು, ಕ್ರಿ.ಪೂ. ಎಂಟನೆಯ ಶತಮಾನದವನು. ಎರಡನೆಯ ಯಾರೊಬ್ಬಾಮನ ಕಾಲದ ಸಮೃದ್ಧಿಯನ್ನೂ ಅವನ ನಂತರ ಒಬ್ಬರನ್ನೊಬ್ಬರು ಕೊಂದು ಗದ್ದುಗೆ ಏರಿದ ಅರಸರನ್ನೂ ಕಂಡವನು. ಕ್ರಿ.ಪೂ. 722ರ ಸುಮಾರಿಗೆ ಆ ರಾಜ್ಯದ ರಾಜಧಾನಿ ಸಮಾರ್ಯವು ಅಶ್ಶೂರರ (ಅಸ್ಸೀರಿಯದವರ) ಕೈಗೆ ಬಿತ್ತು. ಈ ಜನ ತಮ್ಮ ದೇವರಾದ ಯೆಹೋವನನ್ನು ಬಿಟ್ಟು ಬಾಳನ ಹಿಂದೆ ಹೋದರು ಎಂದು ಭಾನುವಾರ ಶಾಲೆಯಲ್ಲಿ ನಮಗೆ ಹೇಳಿಕೊಟ್ಟರು. ನಡೆದದ್ದು ಅಷ್ಟು ನೇರವಾಗಿ ಇರಲಾರದು. ಸಮಾರ್ಯದಲ್ಲಿ 1910ರಲ್ಲಿ ಸಿಕ್ಕ ಮಡಕೆಚೂರುಗಳ ಮೇಲೆ ದ್ರಾಕ್ಷಾರಸ, ಎಣ್ಣೆಗಳ ಲೆಕ್ಕ ಬರೆದಿದೆ. ಅವುಗಳಲ್ಲಿ ಯೆಹೋವನ ಹೆಸರನ್ನು ಸೇರಿಸಿಕೊಂಡ ಮನುಷ್ಯರೂ ಇದ್ದಾರೆ, ಬಾಳನ ಹೆಸರನ್ನು ಸೇರಿಸಿಕೊಂಡವರೂ ಇದ್ದಾರೆ, ಅಕ್ಕಪಕ್ಕದಲ್ಲೇ ತೆರಿಗೆ ಕಟ್ಟಿಕೊಂಡು. ಸೀನಾಯಿಯ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1975-76ರಲ್ಲಿ ಅಗೆದಾಗ ದೊಡ್ಡ ಗುಡಾಣದ ಮೇಲೆ ಒಂದು ಹರಕೆ ಸಿಕ್ಕಿತು: ಸಮಾರ್ಯದ ಯೆಹೋವನೂ ಅವನ ಅಶೇರಳೂ ನಿಮ್ಮನ್ನು ಆಶೀರ್ವದಿಸಲಿ. ಅಶೇರ ಎಂದರೆ ಇಲ್ಲಿ ದೇವಿಯೋ ಪೂಜೆಯ ಕಂಬವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿದ್ದಾರೆ. ದೇವಿಯೇ ಆಗಿದ್ದರೆ, ಜನಸಾಮಾನ್ಯರ ಮನಸ್ಸಿನಲ್ಲಿ ಯೆಹೋವನಿಗೆ ಮದುವೆ ಎಂದೋ ಆಗಿತ್ತು. ಹೋಶೇಯ ಮಾಡಿದ್ದು ಆ ಪಕ್ಕದ ಪೀಠವನ್ನು ಖಾಲಿ ಮಾಡಿಸಿ, ಅಲ್ಲಿ ಕಲ್ಲೂ ಅಲ್ಲದ ಮರವೂ ಅಲ್ಲದ ಒಂದು ಜನಾಂಗವನ್ನೇ ಕೂರಿಸಿದ್ದು ಎಂದು ನನಗೆ ಅನ್ನಿಸುತ್ತದೆ. ನಿನ್ನ ಹೆಂಡತಿ ಆಕಾಶದಲ್ಲಿಲ್ಲ, ಹೊಲದಲ್ಲಿ ದ್ರಾಕ್ಷಿ ಕೀಳುತ್ತಿದ್ದಾಳೆ ಎಂದ ಹಾಗೆ.

ಹತ್ತೊಂಬತ್ತಕ್ಕಿಂತ ಮೂರು ವಚನ ಹಿಂದೆ, ಹದಿನಾರರಲ್ಲಿ, ಪತ್ರಿಕೆಯಲ್ಲಿ ಯಾರೂ ಅಚ್ಚು ಹಾಕಿಸದ ಇನ್ನೊಂದು ಮಾತಿದೆ. ಆ ದಿನದಲ್ಲಿ ನೀನು ನನ್ನನ್ನು ಈಶೀ ಎಂದು ಕರೆಯುವೆ, ಇನ್ನು ಮೇಲೆ ಬಾಲೀ, ಅಂದರೆ ನನ್ನ ಬಾಳ್, ಎಂದು ಕರೆಯುವುದಿಲ್ಲ. ಈಶ್ ಎಂದರೆ ಗಂಡಸು, ಮನುಷ್ಯ, ಗಂಡ. ಆದಿಕಾಂಡದಲ್ಲಿ ಆದಾಮನು ಹವ್ವಳನ್ನು ಕಂಡು 'ಈಶಾ' ಎಂದು ಉದ್ಗರಿಸುತ್ತಾನಲ್ಲ, ಆ ಶಬ್ದದ ಜೋಡಿ. ಯಜಮಾನರೇ ಎನ್ನಬೇಡ, ನನ್ನವನೇ ಎನ್ನು. ಇದರಲ್ಲಿ ಬಾಳ್ ದೇವರ ಹೆಸರನ್ನು ನಾಲಿಗೆಯಿಂದ ಅಳಿಸುವ ಉದ್ದೇಶ ಇದೆ, ಮುಂದಿನ ವಚನ ಅದನ್ನು ಬಾಯಿಬಿಟ್ಟೇ ಹೇಳುತ್ತದೆ. ಆದರೆ ಬಾಳನನ್ನು ಓಡಿಸಲು ಹೊರಟ ದೇವರು ತನ್ನ ಒಡೆತನದ ಬಿರುದನ್ನೂ ಅದರ ಜೊತೆಗೇ ಬಾಗಿಲಾಚೆ ಇಟ್ಟುಬಿಟ್ಟ. ಇಂದಿನ ಹೀಬ್ರೂ ಮಾತಿನಲ್ಲಿ ಹೆಂಡತಿಯರು ಈಗಲೂ ಗಂಡನನ್ನು ಬಾಲೀ ಎಂದೇ ಹೇಳುತ್ತಾರೆ; ಬೇಡವೆನಿಸಿದ ಕೆಲವರು ಹೋಶೇಯನ ಈಶಿಯನ್ನು ಎತ್ತಿಕೊಂಡಿದ್ದಾರೆ. ಎರಡೂವರೆ ಸಾವಿರ ವರ್ಷ ದಾಟಿದರೂ ಆ ದಿನ ಪೂರ್ತಿಯಾಗಿ ಬಂದಿಲ್ಲ ಎಂದಾಯಿತು. ಗ್ಯಾಸ್ ಏಜೆನ್ಸಿಯಲ್ಲಿ ನನಗೂ ಬಂದಿಲ್ಲ.

ಹದಿನೈದು ಬೆಳ್ಳಿ, ಒಂದಿಷ್ಟು ಜವೆಗೋದಿ

ಹೋಶೇಯನ ಸಂಸಾರದ ಬಗ್ಗೆ ನಮಗೆ ಗೊತ್ತಿರುವುದು ಬೆರಳೆಣಿಕೆಯ ಸಾಲುಗಳು. ದಿಬ್ಲಯಿಮನ ಮಗಳು ಗೋಮೆರಳನ್ನು ಮದುವೆಯಾದ. ಮೂರು ಮಕ್ಕಳು. ಆ ಮಕ್ಕಳಿಗೆ ಇಟ್ಟ ಹೆಸರುಗಳನ್ನು ನೆನೆದಾಗಲೆಲ್ಲ ಪ್ರವಾದಿಗಳ ಮನೆಯಲ್ಲಿ ಹುಟ್ಟಬಾರದು ಅನ್ನಿಸುತ್ತದೆ. ಹಿರಿಯನು ಇಜ್ರೇಲ್, ರಕ್ತಪಾತ ನಡೆದ ಕಣಿವೆಯ ಹೆಸರು. ಎರಡನೆಯವಳು ಲೋರುಹಾಮ, ಅಂದರೆ ಕರುಣೆ ಸಿಗದವಳು. ಮೂರನೆಯವನು ಲೋ ಅಮ್ಮಿ, ನನ್ನ ಜನವಲ್ಲ. ಸಂಜೆ ಹೊತ್ತು ಊಟಕ್ಕೆ ಕರೆಯುವಾಗ ತಾಯಿ ಬಾಗಿಲಲ್ಲಿ ನಿಂತು "ಕರುಣೆ ಸಿಗದವಳೇ, ಬಾ" ಎಂದು ಕೂಗಬೇಕಿತ್ತು. ಓಣಿಯ ಜನಕ್ಕೆಲ್ಲ ಧರ್ಮೋಪದೇಶ, ಆ ಹುಡುಗಿಗೆ ಮಾತ್ರ ಬದುಕು.

ಎರಡನೆಯ ಅಧ್ಯಾಯದ ಹೊತ್ತಿಗೆ ಗೋಮೆರಳು ಮಸುಕಾಗಿ ಅವಳ ಜಾಗದಲ್ಲಿ ನಾಡು ನಿಲ್ಲುತ್ತದೆ. "ಅವಳು ನನ್ನ ಹೆಂಡತಿಯಲ್ಲ, ನಾನು ಅವಳ ಗಂಡನಲ್ಲ" ಎಂದು ಗಂಡ ಹೇಳುತ್ತಾನೆ. ಇದು ಸಿಟ್ಟಿನ ಮಾತಷ್ಟೇ ಅಲ್ಲ, ಕಾಗದಪತ್ರದ ಭಾಷೆಯ ವಾಸನೆಯೂ ಇದಕ್ಕಿದೆ. ನೈಲ್ ನದಿಯ ಎಲೆಫೆಂಟೈನ್ ದ್ವೀಪದಲ್ಲಿ ಕ್ರಿ.ಪೂ. ಐದನೆಯ ಶತಮಾನದಲ್ಲಿ ನೆಲೆಸಿದ್ದ ಯೆಹೂದ್ಯ ಸೈನಿಕರ ಮದುವೆ ಕರಾರುಗಳು ಪಪೈರಸ್ ಹಾಳೆಗಳಲ್ಲಿ ಉಳಿದಿವೆ. ಅವುಗಳಲ್ಲಿ ಮದುಮಗ ಹೇಳುವುದು: ಇಂದಿನಿಂದ ಎಂದೆಂದಿಗೂ ಅವಳು ನನ್ನ ಹೆಂಡತಿ, ನಾನು ಅವಳ ಗಂಡ. ಹೋಶೇಯನಲ್ಲಿ ಅದೇ ವಾಕ್ಯ ಬೆನ್ನು ತಿರುಗಿಸಿ ನಿಂತಿದೆ. ಆ ಕರಾರುಗಳ ಇನ್ನೊಂದು ಕಲಮನ್ನು ಓದಿದಾಗ ನಾನು ಬೆರಗಾಗಿದ್ದೆ. ಗಂಡನು ಸಭೆಯಲ್ಲಿ ಎದ್ದು ನಿಂತು ನನ್ನ ಹೆಂಡತಿಯನ್ನು ದ್ವೇಷಿಸುತ್ತೇನೆ ಎಂದರೆ ಏನು ದಂಡ ಎಂದು ಬರೆದಿರುವಂತೆಯೇ, ಹೆಂಡತಿಯು ಎದ್ದು ನಿಂತು ನನ್ನ ಗಂಡನನ್ನು ದ್ವೇಷಿಸುತ್ತೇನೆ ಎಂದರೆ ಏನು ಎಂಬುದನ್ನೂ ಬರೆದಿದ್ದಾರೆ. ಅವಳು ತನ್ನ ಸಾಮಾನನ್ನೆಲ್ಲ ತೆಗೆದುಕೊಂಡು ಮನಸ್ಸು ಬಂದ ಕಡೆ ಹೋಗಬಹುದು. ದ್ವೀಪದ ಸೈನಿಕರ ಹೆಂಡತಿಯರಿಗೆ ಇದ್ದ ಬಾಯಿ ಪ್ರವಾದಿಯ ಹೆಂಡತಿಗೆ ಇರಲಿಲ್ಲ. ಗೋಮೆರಳು ಇಡೀ ಪುಸ್ತಕದಲ್ಲಿ ಒಂದು ಮಾತನ್ನೂ ಸ್ವತಃ ಆಡುವುದಿಲ್ಲ. "ನನ್ನ ಮಿಂಡರ ಹಿಂದೆ ಹೋಗುತ್ತೇನೆ", "ಮೊದಲಿನ ಗಂಡನ ಬಳಿಗೆ ಹಿಂತಿರುಗುತ್ತೇನೆ" ಎಂದು ಆ ನಾಡಹೆಂಡತಿ ಹೇಳಿದಳೆಂದು ನಮಗೆ ಹೇಳುವವನೂ ಗಂಡನೇ.

(ಕನ್ನಡದ ಓದುಗರಿಗೆ ಇಲ್ಲಿ ಅಕ್ಕಮಹಾದೇವಿ ನೆನಪಾಗದೆ ಇರಲಾರಳು. ಶರಣಸತಿ ಲಿಂಗಪತಿ ಎಂಬುದು ನಮಗೆ ಪರಿಚಿತ ದಾರಿ. ಆದರೆ ಆ ದಾರಿಯಲ್ಲಿ ಮಾತಾಡುವವಳು ಮದುವಣಗಿತ್ತಿ. ಸಾವಿಲ್ಲದ ಗಂಡನನ್ನು ಆರಿಸಿದವಳೂ ಅವಳೇ, ಸಾಯುವ ಗಂಡರನ್ನು ಒಲೆಗೆ ಹಾಕು ಎಂದವಳೂ ಅವಳೇ. ಹೀಬ್ರೂ ಪ್ರವಾದಿಗಳಲ್ಲಿ ಮಾತಾಡುವವನು ಮದುಮಗ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಎಲ್ಲ ಧರ್ಮಗಳೂ ಒಂದನ್ನೇ ಹೇಳುತ್ತವೆ ಎನ್ನುವವರ ಜೊತೆ ನನಗೆ ಸಹನೆ ಕಡಿಮೆ.)

ಮೂರನೆಯ ಅಧ್ಯಾಯದಲ್ಲಿ ಅವನು ಅವಳನ್ನು ಕೊಂಡುಕೊಳ್ಳುತ್ತಾನೆ. ಹದಿನೈದು ಶೆಕೆಲ್ ಬೆಳ್ಳಿ, ಒಂದೂವರೆ ಹೋಮೆರ್ ಜವೆಗೋದಿ. ಯಾರಿಂದ ಕೊಂಡ, ಅವಳು ಅಲ್ಲಿಗೆ ಹೇಗೆ ಬಂದಳು, ಒಂದು ಮಾತೂ ಇಲ್ಲ. ವಿಮೋಚನಕಾಂಡದ ಕಾನೂನಿನಲ್ಲಿ ಹೋರಿ ಹಾದು ಸತ್ತ ದಾಸಿಗೆ ಕೊಡಬೇಕಾದ ಪರಿಹಾರ ಮೂವತ್ತು ಶೆಕೆಲ್. ಅದರ ಅರ್ಧವನ್ನು ನಗದಾಗಿ ಕೊಟ್ಟು, ಉಳಿದದ್ದಕ್ಕೆ ಕಣಜದಿಂದ ಕಾಳು ಅಳೆದು ಕೊಟ್ಟ ಬಡವನ ಚಿತ್ರ ನನ್ನ ಕಣ್ಣಿಗೆ ಕಟ್ಟುತ್ತದೆ. ಉಪದೇಶಗಳಲ್ಲಿ ಈ ದೃಶ್ಯವನ್ನು ವಿಮೋಚನೆಯ ಮಹಾಕ್ಷಣ ಎಂದು ಬಣ್ಣಿಸುತ್ತಾರೆ. ನನಗೆ ಕಾಣುವುದು ಮೂಟೆ ಹೊತ್ತು ಬೆವೆತ ಗಂಡಸು, ತೂಗುವ ತಕ್ಕಡಿ, ತಲೆ ತಗ್ಗಿಸಿ ನಿಂತ ಹೆಂಗಸು.

ಯೆಹೂದ್ಯರ ಧರ್ಮಗ್ರಂಥವಾದ ತಾಲ್ಮುದಿನ ರಬ್ಬಿಗಳಿಗೂ, ಅಂದರೆ ಧರ್ಮಪಂಡಿತರಿಗೂ, ಈ ಮದುವೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಪೆಸಾಹಿಮ್ ಭಾಗದಲ್ಲಿ ಅವರು ಒಂದು ಕಥೆ ಹೇಳುತ್ತಾರೆ. ದೇವರು ಹೋಶೇಯನಿಗೆ "ನಿನ್ನ ಮಕ್ಕಳು ಪಾಪಮಾಡಿದ್ದಾರೆ" ಎಂದ. ಅವರು ನಿನ್ನ ಮಕ್ಕಳಲ್ಲವೇ, ಕರುಣೆ ತೋರು ಎಂದು ಬೇಡಬೇಕಾಗಿದ್ದ ಪ್ರವಾದಿ, "ಲೋಕವೆಲ್ಲ ನಿನ್ನದೇ ಅಲ್ಲವೇ, ಇವರನ್ನು ಬಿಟ್ಟು ಬೇರೆ ಜನಾಂಗವನ್ನು ಹಿಡಿ" ಎಂದುಬಿಟ್ಟ. ಈ ಮುದುಕನಿಗೆ ಏನು ಮಾಡಲಿ ಎಂದು ದೇವರು ಯೋಚಿಸಿ, ಮದುವೆಯಾಗು ಎಂದ. ಮಕ್ಕಳಾದವು. ಈಗ ಅವಳನ್ನು ಬಿಟ್ಟು ಬಾ ಎಂದ. "ಮಕ್ಕಳಿದ್ದಾರೆ, ಬಿಡಲಾರೆ" ಎಂದ ಹೋಶೇಯ. ಹೆಂಡತಿಯ ನಡತೆ ಗೊತ್ತು, ಮಕ್ಕಳು ನಿನ್ನವೋ ಅಲ್ಲವೋ ಗೊತ್ತಿಲ್ಲ, ಆದರೂ ನಿನಗೆ ಬಿಡಲಾಗುವುದಿಲ್ಲ. ನನ್ನವರನ್ನು ಮಾತ್ರ ನಾನು ಬದಲಾಯಿಸಬೇಕೇ ಎಂದು ದೇವರು ಕೇಳಿದ. ರಬ್ಬಿಗಳ ಜಾಣತನ ನೋಡಿ: ಈ ಕಥೆಯಲ್ಲಿ ಮದುವೆಯಿಂದ ಪಾಠ ಕಲಿಯಬೇಕಾದವನು ಗಂಡ.

ಅಕ್ಕಿ ಆರಿಸುತ್ತಿದ್ದ ಹೋಶೇಯ

ಚಿಕ್ಕಮ್ಮ ಗಂಡನ ಮನೆ ಬಿಟ್ಟು ಬಂದಾಗ ನನಗೆ ಹನ್ನೆರಡು ವರ್ಷ. ಒಂದು ಕಬ್ಬಿಣದ ಟ್ರಂಕು, ಇಬ್ಬರು ಮಕ್ಕಳು, ಎಡಗಣ್ಣಿನ ಕೆಳಗೆ ಹಳದಿಗೆ ತಿರುಗುತ್ತಿದ್ದ ಕಲೆ. ಮನೆಯಲ್ಲಿ ಯಾರೂ ಏನನ್ನೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ಮನುಷ್ಯನಿಗೆ ಬೇರೆ ಊರಿನಲ್ಲಿ ಇನ್ನೊಂದು ಸಂಸಾರವಿದೆ ಎಂಬುದೂ ಗೊತ್ತಿತ್ತು. ಎರಡು ವಾರದ ನಂತರ ನಮ್ಮ ಸಭೆಯ ಹಿರಿಯರೊಬ್ಬರು ಸಮಾಧಾನ ಹೇಳಲು ಬಂದರು. ಒಳ್ಳೆಯ ಮನುಷ್ಯರೇ, ಕೆಟ್ಟ ಉದ್ದೇಶವೇನೂ ಇರಲಿಲ್ಲ. ಪಡಸಾಲೆಯಲ್ಲಿ ಕುಳಿತು, ಅಜ್ಜಿ ಕೊಟ್ಟ ಚಹಾವನ್ನು ಸ್ಟೂಲಿನ ಮೇಲಿಟ್ಟುಕೊಂಡು, ಹೋಶೇಯನ ಕಥೆ ತೆಗೆದರು. ಅಷ್ಟು ದೊಡ್ಡ ದ್ರೋಹವನ್ನೂ ಪ್ರವಾದಿ ಕ್ಷಮಿಸಿದ, ಕ್ಷಮೆಯೇ ಮದುವೆಯ ಅಡಿಪಾಯ, ನೀನು ತಿರುಗಿ ಹೋಗಬೇಕಮ್ಮ ಎಂದರು. ಚಿಕ್ಕಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆ ಕಥೆಯಲ್ಲಿ ಮೋಸ ಹೋದವರು ಯಾರು?" ಎಂದು ಕೇಳಿದಳು.

"ಹೋಶೇಯ."

"ನಮ್ಮ ಮನೆಯಲ್ಲಿ?"

ಹಿರಿಯರು ಸ್ಟೂಲಿನ ಕಡೆ ನೋಡಿದರು.

"ಹಾಗಾದರೆ ಹೋಶೇಯ ನಾನು. ಹದಿನೈದು ಬೆಳ್ಳಿ ಕೊಟ್ಟು ಅವರನ್ನು ಬಿಡಿಸಿ ತರಬೇಕೋ ಬೇಡವೋ ಎಂದು ದೇವರು ನನಗೆ ಹೇಳಬೇಕು, ನೀವಲ್ಲ. ಇನ್ನೂ ಹೇಳಿಲ್ಲ." ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು. ಚಹಾ ಕೆನೆಗಟ್ಟಿ ತಣ್ಣಗಾಯಿತು. ಅವಳು ತಿರುಗಿ ಹೋಗಲಿಲ್ಲ. ಹೊಲಿಗೆ ಯಂತ್ರ ತೆಗೆದುಕೊಂಡಳು, ಮಕ್ಕಳನ್ನು ಓದಿಸಿದಳು.

ಆಗ ನನಗೆ ಇದು ಬಾಯಿ ಜೋರಿನ ಮಾತಾಗಿ ಕೇಳಿಸಿತ್ತು. ಮದುವೆಯ ದಿನದ ನಂತರ ಪ್ರವಾದಿಗಳನ್ನು ಒಂದೊಂದಾಗಿ ಓದಿಕೊಂಡು ಹೋದಾಗ ಅದು ವ್ಯಾಖ್ಯಾನ ಎಂದು ಗೊತ್ತಾಯಿತು. ಹೋಶೇಯ ಬೀದಿಯಲ್ಲಿ ನಿಂತು ಕೂಗಿದ್ದು ಯಾರಿಗೆ? ಯಾಜಕರಿಗೆ, ಅರಮನೆಯವರಿಗೆ, ದ್ರಾಕ್ಷಿತೋಟಗಳ ಒಡೆಯರಿಗೆ. ಬಹುಪಾಲು ಗಂಡಸರು, ತಂತಮ್ಮ ಮನೆಗಳಲ್ಲಿ ಬಾಳ್‌ಗಳು. ಅವರಿಗೆ ಅವನು ಹೇಳಿದ್ದು: ನೀವು ಹೆಂಡತಿ. ಅದೂ ಓಡಿಹೋದ ಹೆಂಡತಿ. ಗಡ್ಡ ಬಿಟ್ಟ ಸೇನಾಪತಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಅಶ್ಶೂರದ ಅರಸನಿಗೆ ಬೆಳ್ಳಿ ಕಟ್ಟಿ ಬಂದವರನ್ನು, ಐಗುಪ್ತಕ್ಕೆ ಗುಟ್ಟಾಗಿ ದೂತರನ್ನು ಅಟ್ಟಿದವರನ್ನು, ಮಿಂಡರಿಗೆ ತಾನೇ ಸಂಬಳ ಕೊಡುವವಳು ಎಂದು ಅವನು ಹಂಗಿಸಿದ. ಮೆನಹೇಮ್ ಅರಸನು ಅಶ್ಶೂರಕ್ಕೆ ಕಟ್ಟಿದ್ದು ಸಾವಿರ ತಲಾಂತು ಬೆಳ್ಳಿ. ಮೂಲದಲ್ಲಿ ಈ ರೂಪಕ ಗಂಡಸರನ್ನು ಹೆಂಡತಿಯ ಪೀಠದಲ್ಲಿ ಕೂರಿಸಲು ಕಟ್ಟಿದ್ದು. ಆಮೇಲೆ ಓದಿದ ಗಂಡಸರು ಸದ್ದಿಲ್ಲದೆ ಎದ್ದು ಎದುರಿನ ಪೀಠಕ್ಕೆ, ದೇವರ ಪೀಠಕ್ಕೆ, ಹೋಗಿ ಕುಳಿತುಬಿಟ್ಟರು. ನಮ್ಮ ಪಡಸಾಲೆಗೆ ಬಂದ ಹಿರಿಯರು ನನ್ನ ಚಿಕ್ಕಪ್ಪನನ್ನು ಅಲ್ಲಿಗೇ ಕೂರಿಸಲು ಹೊರಟಿದ್ದು.

ಆ ಕಾಲದಲ್ಲಿ ಪ್ರೀತಿ ಎಂಬುದು ರಾಜಕೀಯದ ಶಬ್ದವೂ ಆಗಿತ್ತು. ಕ್ರಿ.ಪೂ. 672ರಲ್ಲಿ ಅಶ್ಶೂರದ ಎಸರ್‌ಹದ್ದೋನನು ಸಾಮಂತರಿಂದ ಬರೆಸಿಕೊಂಡ ಒಪ್ಪಂದದಲ್ಲಿ, ನನ್ನ ಮಗ ಅಶ್ಶೂರ್‌ಬನಿಪಾಲನನ್ನು ನಿಮ್ಮಂತೆಯೇ ಪ್ರೀತಿಸಬೇಕು ಎಂಬ ಷರತ್ತಿದೆ. ತಪ್ಪಿದವರಿಗೆ ಪುಟಗಟ್ಟಲೆ ಶಾಪ. ದೇವರಿಗೂ ಇಸ್ರೇಲಿಗೂ ನಡುವಿನ ಒಡಂಬಡಿಕೆಯ ಭಾಷೆಗೂ ಆ ಕಾಲದ ಕರಾರುಗಳ ಭಾಷೆಗೂ ನೆಂಟಸ್ತಿಕೆ ಇದೆ. ಹಾಗಿರುವಾಗ ಒಡಂಬಡಿಕೆಯನ್ನು ಮದುವೆ ಎಂದು ಕರೆದದ್ದರಿಂದ ಏನು ಬದಲಾಯಿತು? ಶಾಪಗಳು ಹೋಗಲಿಲ್ಲ. ಆದರೆ ಸಾಮಂತನು ಕರಾರು ಮುರಿದರೆ ಚಕ್ರವರ್ತಿಗೆ ಸಿಟ್ಟು ಬರುತ್ತದೆ, ದಂಡು ಹೊರಡುತ್ತದೆ. ಅವನ ಎದೆ ನೋಯುವುದಿಲ್ಲ. ಮದುವೆ ಎಂದ ಕೂಡಲೇ ಮುರಿದವರಿಗಿಂತ ಮುರಿಸಿಕೊಂಡವನ ಮೇಲೆ ಕಣ್ಣು ಹೋಗುತ್ತದೆ. ಬಿಟ್ಟುಹೋಗಬಹುದಾದ ದೇವರು! ಚಿಕ್ಕಮ್ಮನಂತೆ ಓಣಿಯವರ ಕಣ್ಣೆದುರು ಟ್ರಂಕು ಹಿಡಿದು ನಿಲ್ಲಬೇಕಾದ ದೇವರು.

ಅಜ್ಜಿ ಬಿಟ್ಟುಬಿಡುತ್ತಿದ್ದ ಅಧ್ಯಾಯ

ಅಜ್ಜಿ ದಿನವೂ ದೀಪ ಹಚ್ಚುವ ಹೊತ್ತಿಗೆ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಿದ್ದಳು, ಆದಿಕಾಂಡದಿಂದ ಪ್ರಕಟನೆಯವರೆಗೆ, ಮುಗಿದರೆ ಮತ್ತೆ ಆದಿಕಾಂಡ. ವಂಶಾವಳಿಗಳನ್ನೂ ಬಿಡುತ್ತಿರಲಿಲ್ಲ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ ಹದಿನೈದನೆಯ ಅಧ್ಯಾಯ ಮುಗಿದ ಮರುದಿನ ಮಾತ್ರ ಹದಿನೇಳನ್ನು ತೆಗೆಯುತ್ತಿದ್ದಳು. ನಡುವಿನದು ಎಲ್ಲಿ ಎಂದು ಕೇಳಿದರೆ "ಕಣ್ಣು ಮಂಜು" ಎನ್ನುತ್ತಿದ್ದಳು. ಆ ಅಧ್ಯಾಯದಲ್ಲಿ ಹೊಕ್ಕುಳ ಬಳ್ಳಿಯನ್ನೂ ಕತ್ತರಿಸದೆ ಬಯಲಿಗೆ ಬಿಸಾಡಿದ ಹೆಣ್ಣುಶಿಶುವೊಂದಿದೆ, ಅದೇ ಯೆರೂಸಲೇಮ್. ದಾರಿಯಲ್ಲಿ ಹೋಗುವ ದೇವರು ಬದುಕು ಎನ್ನುತ್ತಾನೆ, ಬೆಳೆದ ಮೇಲೆ ತನ್ನ ಬಟ್ಟೆಯ ಅಂಚನ್ನು ಅವಳ ಮೇಲೆ ಹೊದಿಸಿ ಒಡಂಬಡಿಕೆ ಮಾಡಿಕೊಳ್ಳುತ್ತಾನೆ. ಬೈಬಲ್ಲಿನ ಇನ್ನೊಂದು ಕಥೆಯಲ್ಲಿ ವಿಧವೆ ರೂತಳು, ನನ್ನನ್ನು ವರಿಸು ಎಂಬರ್ಥದಲ್ಲಿ, ಕಣದಲ್ಲಿ ಬೋವಜನಿಗೆ ಹೊದಿಸು ಎಂದು ಕೇಳಿದ ಅದೇ ಅಂಚು. ಅಲ್ಲಿಯವರೆಗೆ ಕಣ್ಣು ತುಂಬುತ್ತದೆ. ಆಮೇಲೆ ಅವಳ ವ್ಯಭಿಚಾರದ ವರ್ಣನೆ. ಅದಾದ ಮೇಲೆ ಶಿಕ್ಷೆ. ಬೆತ್ತಲೆ ಮಾಡಿಸುವುದು, ಕಲ್ಲೆಸೆಸುವುದು, ಕತ್ತಿಗಳಿಂದ ತುಂಡರಿಸುವುದು. ಯೆಹೂದ್ಯರ ಹಳೆಯ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾದಲ್ಲಿ ರಬ್ಬಿ ಎಲಿಯೇಜರ್, ಈ ಅಧ್ಯಾಯವನ್ನು ಸಭಾಮಂದಿರದಲ್ಲಿ ಓದಬಾರದು ಎಂದು ಹೇಳಿದ್ದಾರೆ ಎಂದು ಮೊನ್ನೆ ತಿಳಿದಾಗ ಅಜ್ಜಿಯ ಮಂಜುಗಣ್ಣಿನ ನೆನಪಾಗಿ ನಗು ಬಂತು. ರಬ್ಬಿ ತಮ್ಮ ಯೆರೂಸಲೇಮಿನ ಮಾನ ಕಾಯಲು ಹಾಗೆ ಹೇಳಿರಬಹುದು. ಅಜ್ಜಿ ಯಾರ ಮಾನ ಕಾಯಲು ಬಿಟ್ಟಳು ಎಂದು ಕೇಳಲು ಅವಳಿಲ್ಲ. ಆದರೆ ಆ ಪಡಸಾಲೆಯಲ್ಲಿ ಅವಳ ಓದನ್ನು ಕೇಳುತ್ತಾ ಚಿಕ್ಕಮ್ಮ ಕುಳಿತಿರುತ್ತಿದ್ದಳು.

ಪೀಠ ಬದಲಾಯಿಸಿದ ತಪ್ಪನ್ನು ಓದುಗರ ಮೇಲೆ ಮಾತ್ರ ಹೊರಿಸಿ ನಾನು ಪಾರಾಗಲಾರೆ. ಯೆಹೆಜ್ಕೇಲನ ಇಪ್ಪತ್ತಮೂರನೆಯ ಅಧ್ಯಾಯ ಸಮಾರ್ಯ, ಯೆರೂಸಲೇಮುಗಳನ್ನು ಒಹೊಲ, ಒಹೊಲೀಬ ಎಂಬ ಅಕ್ಕತಂಗಿಯರೆಂದು ಕರೆದು, ಕೊನೆಗೆ ಎಲ್ಲ ಹೆಂಗಸರೂ ಇದರಿಂದ ಬುದ್ಧಿ ಕಲಿಯಲಿ ಎನ್ನುತ್ತದೆ. ಅರಸರ ತಪ್ಪಿಗೆ ಕಟ್ಟಿದ ರೂಪಕ ಪುಸ್ತಕದೊಳಗೇ ತಿರುಗಿ ಹೆಂಗಸರ ಮೇಲೆ ಬಿದ್ದಾಯಿತು. ಇದೇ ಯೆಹೆಜ್ಕೇಲನ ಹೆಂಡತಿ, ಅವನ ಕಣ್ಣಿಗೆ ಆನಂದವಾಗಿದ್ದವಳು, ಮರುಅಧ್ಯಾಯದಲ್ಲಿ ಒಂದು ಸಂಜೆ ಸಾಯುತ್ತಾಳೆ. ಅಳಬೇಡ, ಮುಂಡಾಸ ಬಿಚ್ಚಬೇಡ, ಕೆರ ಕಳಚಬೇಡ ಎಂಬ ಅಪ್ಪಣೆಯಾಗುತ್ತದೆ, ಏಕೆಂದರೆ ಯೆರೂಸಲೇಮಿನ ದೇವಾಲಯ ಬಿದ್ದಾಗ ಜನರಿಗೂ ಅಳಲು ಬಿಡುವಿರುವುದಿಲ್ಲ. ಅವಳ ಹೆಸರೂ ಉಳಿಯಲಿಲ್ಲ. ಅವಳ ಸಾವು ಸಂಕೇತವಾಯಿತು. ಇನ್ನೊಬ್ಬ ಪ್ರವಾದಿ ಯೆರೆಮೀಯನಿಗೆ ಮದುವೆಯಾಗಬೇಡ ಎಂಬ ಆಜ್ಞೆ ಬಂದದ್ದು ಯಾವುದೋ ಹುಡುಗಿಯ ಪುಣ್ಯವೆಂದೇ ನಾನು ಎಣಿಸುತ್ತೇನೆ.

ಆ ಮದುವೆಯಿಲ್ಲದವನೇ ಮದುವೆಯ ಬಗ್ಗೆ ಅತಿ ಕೋಮಲವಾದ ಸಾಲನ್ನು ಬರೆದ. ನಿನ್ನ ಯೌವನದ ನಿಷ್ಠೆ ನನಗೆ ನೆನಪಿದೆ, ಮದುವಣಗಿತ್ತಿಯಾಗಿದ್ದಾಗಿನ ಪ್ರೀತಿ ನೆನಪಿದೆ, ಬಿತ್ತನೆಯಿಲ್ಲದ ಮರುಭೂಮಿಯಲ್ಲಿ ನನ್ನ ಹಿಂದೆ ಬಂದೆ. ಅರಣ್ಯಕಾಂಡವನ್ನು ಓದಿದವರಿಗೆ ನಿಜ ಗೊತ್ತು. ಆ ಮರುಭೂಮಿಯಲ್ಲಿ ಜನ ಮಾಡಿದ್ದು ಗೊಣಗಾಟ, ಐಗುಪ್ತದ ಸೌತೆಕಾಯಿ, ಉಳ್ಳಾಗಡ್ಡಿ, ಬೆಳ್ಳುಳ್ಳಿಗಳನ್ನು ನೆನೆದು ಅತ್ತದ್ದು. ಯೆಹೆಜ್ಕೇಲನು ಅಂಥ ಹೊಸ ಸಂಸಾರದ ಸುಖ ಇರಲೇ ಇಲ್ಲ, ಮೊದಲಿನಿಂದಲೂ ಎದುರುಬಿದ್ದಿದ್ದರು ಎಂದೇ ಬರೆಯುತ್ತಾನೆ. ಯೆರೆಮೀಯನ ದೇವರಿಗೆ ಮಾತ್ರ ಬೇರೆಯದೇ ನೆನಪು. ಹಳೆಯ ದಂಪತಿಗಳ ನಡುವೆ ಹೀಗಾಗುವುದನ್ನು ಕಂಡಿದ್ದೇನೆ. ಒಬ್ಬರಿಗೆ ಸೋರುತ್ತಿದ್ದ ಬಾಡಿಗೆ ಮನೆ ನೆನಪಿದ್ದರೆ ಇನ್ನೊಬ್ಬರಿಗೆ ಆ ಮನೆಯ ಮಳೆಯ ಸದ್ದು ನೆನಪಿರುತ್ತದೆ. ಇದೇ ಯೆರೆಮೀಯನು ಮೂರನೆಯ ಅಧ್ಯಾಯದಲ್ಲಿ ಕಾನೂನಿನ ಪ್ರಶ್ನೆಯನ್ನೂ ಎತ್ತುತ್ತಾನೆ. ಬಿಟ್ಟ ಹೆಂಡತಿ ಇನ್ನೊಬ್ಬನವಳಾದ ಮೇಲೆ ಮೊದಲಿನ ಗಂಡ ಅವಳನ್ನು ತಿರುಗಿ ತಂದುಕೊಳ್ಳಬಹುದೇ? ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯದ ಪ್ರಕಾರ ಖಂಡಿತ ಕೂಡದು, ಅದು ನೆಲವನ್ನೇ ಹೊಲೆ ಮಾಡುವ ಕೆಲಸ. ಉತ್ತರ ಗೊತ್ತಿದ್ದೂ ಕೆಲವೇ ಸಾಲುಗಳ ನಂತರ ದೇವರು ಕರೆಯುತ್ತಾನೆ: ತಿರುಗಿ ಬಾ. ತಾನು ಬರೆಸಿದ ಕಾನೂನಿಗೆ ತಾನೇ ಅಡ್ಡಬರುತ್ತಾನೆ.

ಹೋಶೇಯನ ಎರಡನೆಯ ಅಧ್ಯಾಯದಲ್ಲೂ ಇದೇ ನಡೆಯುತ್ತದೆ ಎಂಬುದು ಮೂರನೆಯ ಸಲ ಓದುವಾಗ ಕಣ್ಣಿಗೆ ಬಿತ್ತು. ಆದಕಾರಣ ಎಂಬ ಶಬ್ದ ಅಲ್ಲಿ ಮೂರು ಸಲ ಬರುತ್ತದೆ. ಆದಕಾರಣ ಅವಳ ದಾರಿಗೆ ಮುಳ್ಳಿನ ಬೇಲಿ ಹಾಕುವೆನು. ಆದಕಾರಣ ನನ್ನ ಧಾನ್ಯವನ್ನೂ ಉಣ್ಣೆಯನ್ನೂ ಕಿತ್ತುಕೊಳ್ಳುವೆನು. ನನ್ನನ್ನು ಮರೆತೇಬಿಟ್ಟಳು, ಆದಕಾರಣ, ಎಂದು ಮೂರನೆಯದು ಶುರುವಾದಾಗ ಕೇಳುವವನು ಮೈ ಬಿಗಿಹಿಡಿದು ಕುಳಿತಿರುತ್ತಾನೆ. ಆದಕಾರಣ ಅವಳನ್ನು ಓಲೈಸುವೆನು, ಅಡವಿಗೆ ಕರೆದುಕೊಂಡು ಹೋಗಿ ಅವಳ ಎದೆಗೆ ತಾಗುವಂತೆ ಮಾತಾಡುವೆನು. ತರ್ಕ ಇಲ್ಲಿ ಕುಸಿದುಬೀಳುತ್ತದೆ. ಹತ್ತೊಂಬತ್ತನೆಯ ವಚನದ ನೀತಿ, ನ್ಯಾಯ, ಪ್ರೀತಿ, ಕರುಣೆಗಳು ಈ ಕುಸಿತದ ಆಚೆಗಿನವು. ಹೀಬ್ರೂವಿನಲ್ಲಿ ಆ 'ಗಳಿಂದ' ಎಂಬ ಪ್ರತ್ಯಯ ತೆರದ, ಅಂದರೆ ಮದುಮಗ ಹೆಣ್ಣಿಗಾಗಿ ಕೊಡುವ ಬೆಲೆಯ, ಲೆಕ್ಕ ಹೇಳುವ ಪ್ರತ್ಯಯ. ಅರಸ ದಾವೀದನು ತನ್ನ ಹೆಂಡತಿ ಮೀಕಲಳನ್ನು ನೂರು ಫಿಲಿಷ್ಟಿಯರ ಮುಂದೊಗಲುಗಳಿಂದ ನಿಶ್ಚಯಿಸಿಕೊಂಡೆ ಎನ್ನುವಾಗ ಬಳಸುವುದೂ ಅದನ್ನೇ. (ಅದನ್ನು ಯಾವ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸೀತು?) ಅಂದರೆ ನೀತಿ, ಕರುಣೆಗಳು ಹೆಂಡತಿ ರೂಢಿಸಿಕೊಳ್ಳಬೇಕಾದ ಗುಣಗಳ ಪಟ್ಟಿಯಲ್ಲ. ಮದುಮಗ ಕಟ್ಟಬೇಕಾದ ತೆರ. ಮದುವೆಯ ದಿನದ ಪ್ರಸಂಗದಲ್ಲಿ ಇವನ್ನು ವಧುವಿಗೆ ಉಪದೇಶವಾಗಿ ಹೇಳಿದರು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು ಬಾಬೆಲಿನ ಸೆರೆಯಲ್ಲಿದ್ದವರಿಗೆ ಹಾಡಿದ ಪ್ರವಾದಿ, ಯೆಶಾಯನ ಪುಸ್ತಕದ ಐವತ್ತನಾಲ್ಕನೆಯ ಅಧ್ಯಾಯದಲ್ಲಿ. ಅಲ್ಲಿ ಹೆಂಡತಿಯ ಮೇಲೆ ಒಂದೂ ಆರೋಪವಿಲ್ಲ. ಕ್ಷಣಮಾತ್ರ ನಿನ್ನನ್ನು ಕೈಬಿಟ್ಟೆ, ಕೋಪ ಉಕ್ಕಿ ನಿನಗೆ ಮುಖ ಮರೆಮಾಡಿಕೊಂಡೆ ಎಂದು ಗಂಡನೇ ಹೇಳಿಕೊಳ್ಳುತ್ತಾನೆ. ಪ್ರವಾದಿಗಳ ಮದುವೆಯ ಮಾತುಗಳಲ್ಲೆಲ್ಲ ನಾನು ಬಿಟ್ಟೆ ಎಂದು ಗಂಡ ಅವಳ ಮುಖಕ್ಕೇ ಹೇಳಿ, ತಪ್ಪನ್ನು ಅವಳ ಮೇಲೆ ಹಾಕದ ಬೇರೆ ಜಾಗ ನನಗೆ ಕಾಣಲಿಲ್ಲ. ಕ್ಷಣಮಾತ್ರ ಎಂಬುದು ಅವನ ಲೆಕ್ಕ. ಯೆರೂಸಲೇಮ್ ಬಾಬೆಲಿನವರ ಕೈಗೆ ಬಿದ್ದದ್ದು ಕ್ರಿ.ಪೂ. 586ರಲ್ಲಿ, ಕಾದವಳ ಲೆಕ್ಕ ಅರ್ಧ ಶತಮಾನ.

ಹೋಶೇಯನು ಮಾತ್ರ ಹನ್ನೊಂದನೆಯ ಅಧ್ಯಾಯದಲ್ಲಿ ಮದುವೆಯ ರೂಪಕವನ್ನೇ ಕೆಳಗಿಟ್ಟು, ಮಗುವಿಗೆ ನಡೆಯಲು ಕಲಿಸುವ, ಬಾಗಿ ಉಣಿಸುವ ಹೆತ್ತವರ ಚಿತ್ರಕ್ಕೆ ಹೋಗುತ್ತಾನೆ. ಎಫ್ರಾಯೀಮೇ (ಉತ್ತರ ರಾಜ್ಯಕ್ಕೆ ಇನ್ನೊಂದು ಹೆಸರು), ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ಕರುಳು ಹಿಂಡಿದ ಮೇಲೆ ಬರುವ ಸಾಲು: ನಾನು ದೇವರು, ಈಶ್ ಅಲ್ಲ. ಮನುಷ್ಯನಲ್ಲ ಎಂದು ಅನುವಾದಿಸುತ್ತಾರೆ, ಸರಿಯೇ. ಆದರೆ ಎರಡನೆಯ ಅಧ್ಯಾಯದ ಈಶೀ ಇನ್ನೂ ಕಿವಿಯಲ್ಲಿರುವವರಿಗೆ ಅದು ಗಂಡನಲ್ಲ ಎಂದೂ ಕೇಳಿಸುತ್ತದೆ. ಮೊದಲು ಯಜಮಾನ ಎನ್ನಬೇಡ, ಗಂಡ ಎನ್ನು ಎಂದವನು ಈಗ ಗಂಡನ ಹಾಗೆಯೂ ನಾನಲ್ಲ ಎನ್ನುತ್ತಿದ್ದಾನೆ; ಗಂಡನಾಗಿದ್ದರೆ ಈ ಹೊತ್ತಿಗೆ ಉರಿದು ಬಿದ್ದು ಎಲ್ಲವನ್ನೂ ಹಾಳುಮಾಡಿರುತ್ತಿದ್ದೆ ಎಂದು.

ಇದನ್ನೆಲ್ಲ ಕಳೆದ ವಾರ ಚಿಕ್ಕಮ್ಮನ ಮನೆಗೆ ಹೋದಾಗ ಒಂದೇ ಉಸಿರಿಗೆ ಹೇಳಿದೆ. ಅವಳು ಮೊಮ್ಮಗಳ ಸಮವಸ್ತ್ರಕ್ಕೆ ಗುಂಡಿ ಹಾಕುತ್ತಿದ್ದಳು. ಈಶ್, ಬಾಳ್‌ಗಳಿಗೆ ಅವಳು ಅಷ್ಟೇನೂ ಸೊಪ್ಪು ಹಾಕಲಿಲ್ಲ. ಆಮೇಲೆ ಇನ್ನೊಂದು ಸಂಗತಿ ನೆನಪಾಗಿ ಹೇಳಿದೆ: ಆಚಾರವಂತ ಯೆಹೂದ್ಯರು ಸಬ್ಬತ್ತು, ಹಬ್ಬಗಳನ್ನು ಬಿಟ್ಟು ದಿನವೂ ಬೆಳಗಿನ ಪ್ರಾರ್ಥನೆಗೆ ಮುಂಚೆ ತೋಳಿಗೆ ಚರ್ಮದ ಪಟ್ಟಿ ಸುತ್ತಿಕೊಳ್ಳುತ್ತಾರೆ. ಅದರ ತುದಿಯನ್ನು ನಡುಬೆರಳಿಗೆ ಉಂಗುರದ ಹಾಗೆ ಮೂರು ಸುತ್ತು ಸುತ್ತುತ್ತಾ ಹೇಳುವುದು ನಮ್ಮ ಆಮಂತ್ರಣ ಪತ್ರಿಕೆಯ ವಚನಗಳನ್ನೇ. ನಿನ್ನನ್ನು ಶಾಶ್ವತವಾಗಿ ವರಿಸುವೆನು. ಮಾತು ದೇವರದು, ಬೆರಳು ಇವರದು.

ಚಿಕ್ಕಮ್ಮ ಸೂಜಿ ನಿಲ್ಲಿಸಿದಳು. "ಯಾರು ಸುತ್ತಿಕೊಳ್ಳುವುದು? ಗಂಡಸರೇ?"

"ಹೌದು, ಹೆಚ್ಚಾಗಿ ಗಂಡಸರೇ."

"ಗಡ್ಡ ಬಿಟ್ಟವರು?"

"ಗಡ್ಡ ಬಿಟ್ಟವರು."

"ದಿನವೂ ಬೆಳಗ್ಗೆ ಮದುಮಗಳಾಗುತ್ತಾರೆ" ಎಂದು ಅವಳು ನಗಲು ಶುರುಮಾಡಿದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ದಾರ ಸೂಜಿಯಿಂದ ಜಾರಿಹೋಗಿತ್ತು. ಪೋಣಿಸಿ ಕೊಡು ಎಂದು ನನ್ನ ಕೈಗೆ ಕೊಟ್ಟಳು.